ಸ್ಟೂರೆಯ ಪುಸ್ತಕದ ಹನ್ನೊಂದು ಚುಕ್ಕೆ

ನಿಧಿ, ಕಳೆದ ತಿಂಗಳು ನೀನು ಲುಂಡ್ ಊರಿನಿಂದ ರಜೆಗೆ ಬಂದಾಗ ನನ್ನನ್ನು ಹಳೆ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋಗಿದ್ದೆಯಲ್ಲ, ಅಲ್ಲಿ ಒಂದು ಬುಟ್ಟಿಯಲ್ಲಿ ಚರ್ಮದ ಕೈಗವಸು ಬಿದ್ದಿತ್ತು. ನಾನು ಅದನ್ನೆತ್ತಿ ಮೂಗಿಗೆ ಹಿಡಿದು ನಿಂತುಬಿಟ್ಟೆ. "ಅಯ್ಯೋ ಅಜ್ಜಿ, ಯಾರೋ ಹಾಕ್ಕೊಂಡಿದ್ದು ಅದು, ಮೂಸ್ಬೇಡ!" ಎಂದು ನೀನು ನಾಚಿಕೊಂಡು ಆಚೀಚೆ ನೋಡಿದೆ. "ಅಜ್ಜೀಗೆ ಬೇಸ್‌ಬಾಲ್ ಗ್ಲೌವ್ ಯಾಕೆ?" ಎಂದು ಅದ್ವೈತ ನಕ್ಕ. ನಾಲ್ಕು ಜನರ ನಡುವೆ ನನಗೆ ಬಾಯಿ ಬರುವುದಿಲ್ಲ. ಬರೆದರೆ ಬಂದೀತು ಎಂದು ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಕಷ್ಟವಾದರೆ ಅಮ್ಮನ ಹತ್ತಿರ ಓದಿಸಿಕೊಳ್ಳಿ. ಅವಳಿಗೂ ಇದರಲ್ಲಿ ಅರ್ಧ ಗೊತ್ತಿಲ್ಲ.

ಒದ್ದೆಯಾಗಿ ಒಣಗಿದ ಚರ್ಮ, ಅದಕ್ಕೆ ತಿಕ್ಕಿದ ಎಣ್ಣೆ, ಒಳಗೆ ಸೇರಿಕೊಂಡ ಹುಲ್ಲು. ಆ ವಾಸನೆಯಲ್ಲಿ ಎರಡು ಸಾವಿರದ ಆರನೇ ಇಸವಿಯ ಬೇಸಿಗೆ ಇಡೀ ಇತ್ತು.

ಆ ವರ್ಷದ ಜನವರಿಯಲ್ಲಿ ನಿಮ್ಮ ಅಜ್ಜ ಹೋದರು. ಹಂಚಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು, ನಿವೃತ್ತಿಯ ಎರಡನೇ ಮಳೆಗಾಲವನ್ನೂ ನೋಡಲಿಲ್ಲ. ಏಪ್ರಿಲಿನಲ್ಲಿ ಸುಮನ, ಅಂದರೆ ನಿಮ್ಮ ಅಮ್ಮ, ನನಗೆ ಆರು ತಿಂಗಳ ಪರವಾನಗಿ ಮಾಡಿಸಿ ಇಲ್ಲಿಗೆ, ಸ್ವೀಡನ್ನಿಗೆ, ಕರೆಸಿಕೊಂಡಳು. ಅವರು ಆಗಷ್ಟೇ ಹೆಲ್ಸಿಂಗ್‌ಬೋರ್ಯ್‌ನಿಂದ ಎಸ್ಕಿಲ್‌ಸ್ಟುನಾಕ್ಕೆ ಮನೆ ಬದಲಿಸಿದ್ದರು. ಅವಳಿಗೆ ಮಣ್ಣು ಅಗೆಯುವ ಯಂತ್ರಗಳ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಅದ್ವೈತ ಇನ್ನೂ ಹುಟ್ಟಿರಲಿಲ್ಲ. ನಿನಗೆ ಐದು ವರ್ಷ.

ನಾನು ಆಗ ತುಂಬ ದಣಿದಿದ್ದೆ. ಕೆಲಸ ಮಾಡಿ ಬಂದ ದಣಿವಾಗಿದ್ದರೆ ಮಲಗಿದರೆ ಹೋಗುತ್ತಿತ್ತು. ಇದು ಕೆಲಸವಿಲ್ಲದ ದಣಿವು. ಬಟ್ಟೆ ಒಗೆಯಲು ಯಂತ್ರ, ಪಾತ್ರೆ ತೊಳೆಯಲು ಯಂತ್ರ, ನೀರು ಸೇದುವಂತಿಲ್ಲ, ಅಂಗಳ ಗುಡಿಸುವಂತಿಲ್ಲ. ಎದ್ದರೆ ಬೆಳಕು, ಊಟ ಮುಗಿಸಿ ಮಲಗಲು ಹೋದರೂ ಕಿಟಕಿಯಲ್ಲಿ ಅದೇ ಬೆಳಕು. ಒಂದು ದಿನ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದೇ ಗೊತ್ತಾಗುತ್ತಿರಲಿಲ್ಲ.

ಹೊಸ ದಾಗಿಸಿಗೆ, ಅಂದರೆ ಶಿಶುವಿಹಾರಕ್ಕೆ, ಮಗುವನ್ನು ಸೇರಿಸಿದರೆ ಮೊದಲ ಎರಡು ವಾರ ಮನೆಯವರೊಬ್ಬರು ಹತ್ತಿರದಲ್ಲೇ ಇರಬೇಕೆಂಬುದು ಇಲ್ಲಿನ ರೂಢಿ. ಹೊಸ ಕೆಲಸದ ಸುಮನಳಿಗೆ ರಜೆ ಇಲ್ಲ. ನಾನು ಹೋದೆ. ಮೂರು ದಿನ ಒಳಗೆ, ಮಕ್ಕಳ ಗಿಡ್ಡ ಕುರ್ಚಿಯ ಮೇಲೆ ಕುಳಿತೆ. ನಾಲ್ಕನೆಯ ದಿನ ಅಲ್ಲಿನ ಟೀಚರು, ಇನ್ನು ಹೊರಗಿರಿ, ಮಗುವಿನ ಕಣ್ಣಿಗೆ ಕಾಣಬೇಡಿ, ಆದರೆ ದೂರ ಹೋಗಬೇಡಿ ಎಂದು ಕೈಸನ್ನೆಯಲ್ಲಿ ಹೇಳಿದರು. ಪಕ್ಕದಲ್ಲಿ ಬೇಲಿ ಹಾಕಿದ ಒಂದು ಮೈದಾನವಿತ್ತು. ಅಲ್ಲಿನ ಬೆಂಚಿನ ಮೇಲೆ, ಸೀರೆಯ ಮೇಲೆ ಅಳಿಯ ಹರೀಶನ ಕೋಟು ಹಾಕಿಕೊಂಡು, ರಾಮನಾಮ ಬರೆಯುತ್ತ ಕುಳಿತೆ.

ಆ ಪುಸ್ತಕವನ್ನು ನೀವು ನೋಡಿದ್ದೀರಿ. ಪುಟದ ತುಂಬ ಸಣ್ಣ ಸಣ್ಣ ಚೌಕ, ಪ್ರತಿ ಚೌಕದಲ್ಲೂ ಒಂದೊಂದು ಸಲ ನಾಮ. ಕೈ ತಪ್ಪಿ ಅಕ್ಷರ ಕೆಟ್ಟರೆ ಚೌಕದ ಮೂಲೆಯಲ್ಲಿ ಒಂದು ಚುಕ್ಕೆ ಇಡುತ್ತೇನೆ, ಅದನ್ನು ಕೊನೆಯಲ್ಲಿ ಇನ್ನೊಮ್ಮೆ ಬರೆಯಬೇಕೆಂಬ ಗುರುತಿಗೆ.

ಎಪ್ಪತ್ತು ದಾಟಿದ, ಉದ್ದನೆಯ ಮುದುಕರೊಬ್ಬರು ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದರು. ತಲೆಗೆ ಬಣ್ಣ ಹೋದ ಟೊಪ್ಪಿ, ಬಲಗೈಯ ಎರಡು ಬೆರಳು ಸೊಟ್ಟ. ಎರಡು ದಿನ ನನ್ನನ್ನು ನೋಡಿ ತಲೆ ಆಡಿಸಿ ಹೋದರು. ಮೂರನೆಯ ದಿನ ನೇರ ಬಂದು ನನ್ನ ಪುಸ್ತಕಕ್ಕೆ ಬಗ್ಗಿ ಏನೋ ಕೇಳಿದರು. ಇಲ್ಲಿ ಕೂರಬಾರದು ಎನ್ನುತ್ತಿದ್ದಾರೆ ಎಂದುಕೊಂಡು ನಾನು ಎದ್ದುಬಿಟ್ಟೆ. ಅಷ್ಟರಲ್ಲಿ ನಿನ್ನನ್ನು ಹೊರಗೆ ಬಿಟ್ಟಿದ್ದರು. ಹಳೆ ಊರಿನ ದಾಗಿಸಿನಲ್ಲಿ ಎರಡು ವರ್ಷ ಇದ್ದವಳು, ಸ್ವೀಡಿಷ್ ನಿನಗೆ ನೀರು ಕುಡಿದಂತೆ.

"ಅಜ್ಜಿ, ಯಾರು ಆಡ್ತಿದಾರೆ ಅಂತ ಕೇಳ್ತಿದಾರೆ."

"ಎಲ್ಲಿ ಆಡುದು?"

"ನಿನ್ ಬುಕ್ಕಲ್ಲಿ."

ನನಗೆ ಅರ್ಥವಾಗಲಿಲ್ಲ. "ರಾಮ ಅಂತ ಹೇಳು" ಅಂದೆ.

ನೀನು ಹೇಳಿದೆ. ಅವರು ಪುಟವನ್ನು ಇನ್ನೊಮ್ಮೆ ನೋಡಿ ಮತ್ತೇನೋ ಕೇಳಿದರು.

"ರಾಮ ಗೆಲ್ತಿದಾನಾ ಅಂತೆ."

"ಗೆಲ್ತಾನೆ ಅಂತ ಹೇಳು ಮಗಾ."

ಅವರು ಮೈದಾನದ ಮೂಲೆಯ ಶೆಡ್ಡಿಗೆ ಹೋಗಿ ಅಗಲವಾದ ಪುಸ್ತಕ ತಂದು ನನ್ನ ಪುಸ್ತಕದ ಪಕ್ಕದಲ್ಲಿಟ್ಟರು. ನೋಡಿದರೆ ಅದರಲ್ಲೂ ಪುಟದ ತುಂಬ ಸಣ್ಣ ಚೌಕ, ಚೌಕದೊಳಗೆ ಪೆನ್ಸಿಲಿನ ಗೀಟು, ಅಂಕೆ. ಅದು ಆಟದ ಲೆಕ್ಕದ ಪುಸ್ತಕ. ಯಾರು ಹೊಡೆದರು, ಯಾರು ಓಡಿದರು, ಯಾರು ಹಿಡಿದರು, ಎಲ್ಲವನ್ನೂ ಒಬ್ಬರು ಕುಳಿತು ಬರೆಯಬೇಕು. ಅವರ ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಅದನ್ನು ಬರೆದವರು ಅವರ ಹೆಂಡತಿ ಬ್ರಿತ್ತಾ. ಈಗಿನ ಹುಡುಗರಿಗೆ ಮೂರು ಗಂಟೆ ಕೂತು ಬರೆಯುವ ತಾಳ್ಮೆ ಇಲ್ಲ. ನನ್ನ ಚೌಕಗಳನ್ನು ನೋಡಿ, ಬರೆಯಬಲ್ಲವಳೊಬ್ಬಳು ಸಿಕ್ಕಳು ಎಂದುಕೊಂಡಿದ್ದರು.

"ಆಗುದಿಲ್ಲ ಅಂತ ಹೇಳು, ನಂಗೆ ಆಟವೇ ಗೊತ್ತಿಲ್ಲ" ಅಂದೆ.

ನೀನು ಅದನ್ನು ಹೇಳದೆ ಇನ್ನೊಂದು ಹೇಳಿದೆ: "ಅವರ ಹೆಂಡ್ತಿ ಸತ್ತೋದ್ರಂತೆ. ಈ ವಿಂಟರಲ್ಲೇ. ನಮ್ಮಜ್ಜನ ಥರ."

ಆಮೇಲೆ ಬೇಡವೆನ್ನಲು ನನಗಾಗಲಿಲ್ಲ.

ಅವರ ಹೆಸರು ಸ್ಟೂರೆ, ಆ ತಂಡದ ಮ್ಯಾನೇಜರು. ಅಂದು ಮನೆಯಲ್ಲಿ ವಿಷಯ ಕೇಳಿ ಹರೀಶ ಊಟ ಬಿಟ್ಟು ನಕ್ಕ. "ಅಮ್ಮ, ನೀವು ಸ್ಕೋರರ್ರಾ? ಸೂಪರ್! ಬೆಂಗ್ಳೂರಲ್ಲಿ ನಮ್ಮ ಲೀಗ್ ಮ್ಯಾಚಿಗೆ ಒಬ್ಬ ಸ್ಕೋರರ್ ಸಿಗ್ತಿರ್ಲಿಲ್ಲ" ಎಂದ. ಮರುದಿನ ಎಲ್ಲಿಂದಲೋ ಆಟದ ನಿಯಮ ಓದಿಕೊಂಡು ಬಂದು ಹೇಳಿಕೊಟ್ಟ. ನಾಲ್ಕು ಮೂಲೆಗೆ ನಾಲ್ಕು ದಿಂಬು. ಒಬ್ಬ ಎಸೆಯುತ್ತಾನೆ, ಇನ್ನೊಬ್ಬ ದೊಣ್ಣೆಯಿಂದ ಹೊಡೆದು ದಿಂಬಿನಿಂದ ದಿಂಬಿಗೆ ಓಡುತ್ತಾನೆ, ಸುತ್ತು ಮುಗಿಸಿ ಮನೆ ಮುಟ್ಟಿದರೆ ಒಂದು ಓಟ. ಪ್ರತಿ ಜಾಗದವನಿಗೂ ಒಂದು ಅಂಕೆ: ಎಸೆಯುವವನು ಒಂದು, ಹಿಂದೆ ಕೂತು ಹಿಡಿಯುವವನು ಎರಡು, ಹೀಗೆ ಒಂಬತ್ತರವರೆಗೆ. ಅಂಕೆ ತಾನೆ, ನನಗೆ ಬರುತ್ತದೆ ಎನಿಸಿತು.

"ಒಂದು ವಿಚಿತ್ರ ಇದೆ ಅಮ್ಮ. ನಮ್ ಕ್ರಿಕೆಟಲ್ಲಿ ಕ್ಯಾಚ್ ಬಿಟ್ರೆ ಎಲ್ಲಾರೂ ಬೈತಾರೆ, ಆದ್ರೆ ಬುಕ್ಕಲ್ಲಿ ಬರಿಯಲ್ಲ. ಇವ್ರು ಬರೀತಾರೆ. ಸುಲಭದ ಚೆಂಡು ಬಿಟ್ಟವನ ಹೆಸ್ರಲ್ಲಿ, ಪರ್ಮನೆಂಟಾಗಿ."

ಅದನ್ನು ಏನೆಂದು ಬರೆಯುತ್ತಾರೆಂದು ಮರುದಿನ ಸ್ಟೂರೆ ತೋರಿಸಿದರು. ಚೆಂಡನ್ನು ನೆಲದ ಮೇಲೆ ಉರುಳಿಸಿ, ಬೇಕೆಂದೇ ತಮ್ಮ ಕಾಲ ನಡುವೆ ಬಿಟ್ಟು, ಎದೆ ತಟ್ಟಿಕೊಂಡು "ಫೇಲ್" ಎಂದರು. ಸ್ವೀಡಿಷಿನಲ್ಲಿ ತಪ್ಪಿಗೆ ಹಾಗೆನ್ನುತ್ತಾರೆ. ಅದು ನಿಮಗೆ ಹುಟ್ಟಿನಿಂದ ಗೊತ್ತಿರುವ ಮಾತು. ಸಕ್ಕರೆಯ ಬದಲು ಉಪ್ಪಿನ ಡಬ್ಬಿ ತೆಗೆದರೂ ಫೇಲ್ ಎನ್ನುತ್ತೀರಿ. ನನಗೆ ಅದು ಬೇರೆ ಮಾತು.

ನಾನು ಏಳನೇ ಇಯತ್ತೆಯ ಪಬ್ಲಿಕ್ ಪರೀಕ್ಷೆ ಬರೆದ ವರ್ಷ ನಮ್ಮ ಹೆಡ್‌ಮಾಸ್ತರರು ಶಾಲೆಯ ಜಗಲಿಯಲ್ಲಿ ನಿಂತು ಫಲಿತಾಂಶ ಓದಿದರು. ಒಬ್ಬೊಬ್ಬರ ಹೆಸರು, ಮುಂದೆ ಪಾಸು. ನನ್ನ ಹೆಸರಿನ ಮುಂದೆ "ಗಣಿತ, ಫೇಲು" ಎಂದರು. ಅಂಗಳದಲ್ಲಿ ನಿಂತಿದ್ದ ನನ್ನ ಅಪ್ಪ ಮನೆಯವರೆಗೂ ಒಂದು ಮಾತಾಡಲಿಲ್ಲ, ಬಯ್ಯಲೂ ಇಲ್ಲ. ಜೂನ್ ಬಂತು, ತಮ್ಮನಿಗೆ ಪುಸ್ತಕ ತಂದರು, ನನಗೆ ತರಲಿಲ್ಲ. ನಾನೂ ಕೇಳಲಿಲ್ಲ. ನನ್ನ ಓದು ಅಷ್ಟೇ. ಆಮೇಲೆ ಆ ಮಾತನ್ನು ನಾನು ನಿಮ್ಮ ಅಮ್ಮನಿಗಾಗಲಿ, ಯಾರಿಗೇ ಆಗಲಿ, ಆಡಿದವಳಲ್ಲ.

ಮೇ ತಿಂಗಳ ಕೊನೆಯಿಂದ ಪ್ರತಿ ಶನಿವಾರ ಆಟ. ನಾನು ಬಲೆಯ ಹಿಂದೆ ಮೇಜಿಗೆ ಕುಳಿತುಕೊಳ್ಳುತ್ತಿದ್ದೆ, ನೀನು ಪಕ್ಕದಲ್ಲಿ ಕಾಲಾಡಿಸುತ್ತ. ನಿಜ ಹೇಳಬೇಕೆಂದರೆ ಇಡೀ ವಾರದಲ್ಲಿ ಆ ಮೂರು ಗಂಟೆ ಮಾತ್ರ ನನಗೆ ನಾನು ಎಲ್ಲಿದ್ದೇನೆಂದು ಗೊತ್ತಿರುತ್ತಿತ್ತು.

ಆಟಗಾರರಲ್ಲಿ ಇಬ್ಬರ ಬಗ್ಗೆ ಹೇಳಬೇಕು. ಒಬ್ಬನ ಹೆಸರು ಯಾರಿ, ನಾವು ದಿನಾ ಹತ್ತುವ ಬಸ್ಸಿನ ಚಾಲಕ. ಅವನ ಅಪ್ಪ ಅಮ್ಮ ಫಿನ್ಲೆಂಡಿನಿಂದ ಇಲ್ಲಿನ ಕಾರ್ಖಾನೆಗೆ ಬಂದವರು. ನಾವು ಕೆಸರು ಹಿಮದಲ್ಲಿ ನಿಧಾನ ನಡೆದು ಬರುತ್ತಿದ್ದರೆ ಅರ್ಧ ನಿಮಿಷ ಕಾಯುತ್ತಿದ್ದ. ಮಾತು ಕಡಿಮೆ. ಅವನೇ ನಮ್ಮ ಎಸೆಯುವವನು, ಎಡಗೈಯವನು. ಆ ವರ್ಷ ಅವನಿಗೆ ಇಪ್ಪತ್ತಾರು. ಹಾಲೆಂಡಿನ ಒಂದು ತಂಡಕ್ಕೆ ಮುಂದಿನ ವರ್ಷಕ್ಕೆ ಎಡಗೈಯಲ್ಲಿ ಎಸೆಯುವವನು ಬೇಕಿತ್ತು. ಅಲ್ಲಿ ಆಡಿದರೆ ಸಂಬಳ ಕೊಡುತ್ತಾರೆ. ಮೇ ತಿಂಗಳಲ್ಲೇ ಅವರು ಸ್ಟೂರೆಗೆ ಹೇಳಿದ್ದರು: ಮೊದಲ ಎಂಟು ಆಟಗಳ ಪುಸ್ತಕದ ಪ್ರತಿ ಕಳಿಸಿ, ನೋಡಿ ಆಗಸ್ಟಿನಲ್ಲಿ ತೀರ್ಮಾನಿಸುತ್ತೇವೆ. ಅವರು ಇವನ ಆಟ ನೋಡಲು ಬರುವುದಿಲ್ಲ, ಪುಸ್ತಕ ನೋಡುತ್ತಾರೆ. "ಜೀವನದಲ್ಲಿ ಒಂದೇ ಒಂದು ಬೇಸಿಗೆ ಬಸ್ ಬಿಟ್ಟು ಬರೀ ಆಟ ಆಡಿ ಬದುಕ್ಬೇಕಂತೆ ಅವ್ನಿಗೆ" ಎಂದು ಹರೀಶ ಕೇಳಿಕೊಂಡು ಬಂದು ಹೇಳಿದ.

ಇನ್ನೊಬ್ಬ ಪೇರ್. ನಲವತ್ತು ದಾಟಿದ, ಹೊಟ್ಟೆ ಬಂದ ಕ್ಷೌರದಂಗಡಿಯವನು. ಆರನೇ ಅಂಕೆಯ ಜಾಗ ಅವನದು, ಚೆಂಡು ಅತಿ ಹೆಚ್ಚು ಬರುವ ಜಾಗ. ಆ ಮೈದಾನದಲ್ಲಿ ಮೊದಲು ನನ್ನ ಹೆಸರು ಕೇಳಿದವನು ಅವನು. ಪ್ರತಿ ಆಟಕ್ಕೂ ಫೀಕಾಕ್ಕೆಂದು, ಅಂದರೆ ನಡುವಿನ ಕಾಫಿಗೆಂದು, ದಾಲ್ಚಿನ್ನಿಯ ಬನ್ನು ತರುತ್ತಿದ್ದ. ಮೊಟ್ಟೆ ಹಾಕದ ಎರಡನ್ನು ನನಗೆಂದೇ ಬೇರೆ ಪೊಟ್ಟಣದಲ್ಲಿ. ಅವನಿಗೆ ಏಳು ವರ್ಷದ ಮಗಳು. ಆಟದ ಮಧ್ಯೆ ಓಡಿಬಂದು ಪುಸ್ತಕದಲ್ಲಿ ಅಪ್ಪನ ಸಾಲನ್ನು ಬೆರಳಿಟ್ಟು ನೋಡುವಳು.

ಮೊದಲನೆಯ ಆಟದಲ್ಲೇ ಚೆಂಡೊಂದು ಪೇರನ ಕಾಲ ನಡುವೆ ಹೋಯಿತು. ಥೇಟ್ ಸ್ಟೂರೆ ಮಾಡಿ ತೋರಿಸಿದ ಹಾಗೆ. ನಾನು ಪೆನ್ಸಿಲ್ ಹಿಡಿದೆ. ಆ ಮಗು ಪಕ್ಕದಲ್ಲೇ ನಿಂತು ಚೌಕವನ್ನು ನೋಡುತ್ತಿತ್ತು. ನಾನು ಅದನ್ನು ಒಳ್ಳೆಯ ಹೊಡೆತ ಎಂದು ಬರೆದೆ. ಹೊಡೆದವನಿಗೂ ಸಂತೋಷ, ಬಿಟ್ಟವನಿಗೂ ಅವಮಾನವಿಲ್ಲ. ಯಾರ ಗಂಟು ಹೋಯಿತು ಎಂದುಕೊಂಡೆ. ಆದರೂ ಸುಳ್ಳು ಬರೆದ ಕೈ ಸುಮ್ಮನಿರಲಿಲ್ಲ, ಚೌಕದ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟಿತು.

ಹಾಗೆ ಬೇಸಿಗೆ ನಡೆಯಿತು. ಪೇರ್ ಬಿಟ್ಟಾಗ ಚುಕ್ಕೆ, ಬೇರೆಯವರು ಬಿಟ್ಟಾಗಲೂ ಚುಕ್ಕೆ. ಇವನಿಗೆ ಬರೆಯದೆ ಅವನಿಗೆ ಬರೆಯುವುದು ಹೇಗೆ? ಜೂನಿನಲ್ಲಿ ಬಿಸಿಲು, ಜುಲೈಯಲ್ಲಿ ಊರಿಗೆ ಊರೇ ರಜೆಯ ಮೇಲೆ ಹೋಗಿ ಬೀದಿಯೆಲ್ಲ ಖಾಲಿ, ಆಟವೂ ಮೂರು ವಾರ ಬಂದ್. ನಾವು ಗೆದ್ದದ್ದು ಕಡಿಮೆ, ಸೋತದ್ದು ಹೆಚ್ಚು. ಯಾರಿ ಮೊದಲಿಗಿಂತ ಮೌನವಾದ. ಬಸ್ಸಿನಲ್ಲಿ ನಮ್ಮನ್ನು ನೋಡಿ "ಹೇ ಹೇ" ಎನ್ನುವುದು ಬಿಟ್ಟು ಬರೀ ತಲೆಯಾಡಿಸುತ್ತಿದ್ದ. ಸೆಖೆಗಿರಬೇಕು ಎಂದುಕೊಂಡೆ.

ಆಗಸ್ಟಿನಲ್ಲಿ ಎಂಟನೆಯ ಆಟವೂ ಮುಗಿದು ಪುಸ್ತಕದ ಪ್ರತಿ ಹಾಲೆಂಡಿಗೆ ಹೋಯಿತು. ಅದರ ಮುಂದಿನ ಶನಿವಾರ ಆಟದ ನಡುವೆ ಜೋರು ಮಳೆ. ಎಲ್ಲರೂ ಮನೆಗೆ ಓಡಿದರು. ಅಂದು ಸುಮನಳೂ ಬಂದಿದ್ದಳು. ಸ್ಟೂರೆ, ಅವಳು, ನಾನು, ನೀನು ಶೆಡ್ಡಿನೊಳಗೆ ಸಿಕ್ಕಿಕೊಂಡೆವು. ಸುತ್ತ ಒದ್ದೆ ಕೈಗವಸುಗಳು, ನಾನು ಹೇಳಿದ ಆ ವಾಸನೆ. ಸ್ಟೂರೆ ಒಂದೊಂದನ್ನೇ ಎತ್ತಿ ಎಣ್ಣೆ ತಿಕ್ಕುತ್ತ ಕುಳಿತರು. ನೀನು ಅವರ ಸೊಟ್ಟ ಬೆರಳು ಹಿಡಿದು ಏನಾಯಿತೆಂದು ಕೇಳಿದೆ. ಆ ಬೆರಳಿನಿಂದ ಮಾತು ಶುರುವಾಯಿತು. ಸುಮನ ನನಗೆ ಕನ್ನಡದಲ್ಲಿ ಹೇಳುತ್ತ ಹೋದಳು.

ಹದಿನೇಳನೇ ವಯಸ್ಸಿನಲ್ಲಿ ಅವರು ಅಮೆರಿಕದಲ್ಲಿದ್ದ ಚಿಕ್ಕಪ್ಪನ ಹೊಲಕ್ಕೆ ದುಡಿಯಲು ಹೋದರು. ಆ ಊರಿನವರೆಲ್ಲ ಭಾನುವಾರ ಚೆಂಡಾಡುತ್ತಿದ್ದರು, ಇವರೂ ಸೇರಿಕೊಂಡರು. ಮೂರು ವರ್ಷದಲ್ಲಿ ಪಕ್ಕದ ಪೇಟೆಯ ತಂಡ ಇವರಿಗೆ ಸಂಬಳ ಕೊಟ್ಟು ಕರೆಯಿತು. ಈ ಸೀಮೆಯಿಂದ ಹೋಗಿ ಆಟದಿಂದ ಅನ್ನ ತಿಂದ ಮೊದಲಿಗರಲ್ಲಿ ತಾನೊಬ್ಬ ಎಂದರು. ದೊಡ್ಡ ತಂಡವೇನಲ್ಲ, ಮುರುಕು ಬಸ್ಸು, ದಿನಕ್ಕೊಂದು ಊರು, ಇಬ್ಬರಿಗೆ ಒಂದು ಹಾಸಿಗೆ. ಬೆರಳು ಮುರಿದದ್ದು ಅಲ್ಲೇ. ಪೇರ್ ನಿಲ್ಲುವ ಜಾಗವೇ ಅವರದ್ದೂ. ಆ ತಂಡದಲ್ಲಿ ಡೆಲ್ ಎಂಬ ಹೆಸರಿನ ಒಬ್ಬ ಎಸೆಯುವವನಿದ್ದ, ಇವರ ಹಾಸಿಗೆಯ ಇನ್ನೊಂದು ಅರ್ಧ.

"ಒಂದು ದಿನ ಸುಲಭದ ಚೆಂಡು ಇವರ ಕಾಲ ನಡುವೆ ಹೋಯ್ತಂತೆ ಅಮ್ಮ" ಎಂದಳು ಸುಮನ. "ಇಬ್ಬರು ಓಡಿ ಮನೆ ಮುಟ್ಟಿದ್ರು, ಆಟ ಸೋತ್ರು. ಬರೆಯೋನು ಇವರು ಬಾಡಿಗೆಗಿದ್ದ ಮನೆಯವಳ ತಮ್ಮ. ಇವರ ಮೇಲೆ ಕನಿಕರ. ಫೇಲ್ ಅಂತ ಬರೀಲಿಲ್ಲ, ಒಳ್ಳೆ ಹೊಡೆತ ಅಂತ ಬರೆದ."

ನಾನು ಮಡಿಲಲ್ಲಿದ್ದ ಪುಸ್ತಕ ಮುಚ್ಚಿದೆ. "ಅದಕ್ಕೆಂತಾಯ್ತು?"

"ಅದೇ ಇವರು ಹೇಳೋದು. ಬಿಟ್ಟವನ ಹೆಸರಲ್ಲಿ ತಪ್ಪು ಬರೆದ್ರೆ ಆ ಓಟ ಎಸೆಯೋನ ಲೆಕ್ಕಕ್ಕೆ ಬರೋದಿಲ್ಲಂತೆ. ಒಳ್ಳೆ ಹೊಡೆತ ಅಂತ ಬರೆದ್ರೆ ಪೂರ್ತಿ ಎಸೆದವನ ತಲೆಗೆ. ಎರಡು ದಿನ ಬಿಟ್ಟು ಡೆಲ್‌ಗೆ ಊರಿಗೆ ಹೋಗೋ ಬಸ್ಸಿನ ಟಿಕೆಟ್ ಕೊಟ್ಟು ಕಳಿಸಿದ್ರು. ಇವರು ಉಳಿದ್ರು."

ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ಸ್ಟೂರೆ ಕೈಗವಸಿನೊಳಗೆ ಕೈ ತೂರಿಸಿ ತಿಕ್ಕುತ್ತಲೇ ಇದ್ದರು. ಆಡುವ ವಯಸ್ಸು ಮುಗಿದ ಮೇಲೆ ಅದೇ ತಂಡ ಅವರನ್ನು ಮ್ಯಾನೇಜರ್ ಮಾಡಿತು. ಹನ್ನೊಂದು ವರ್ಷ ಆ ಕೆಲಸ. ಯಾರನ್ನು ಇಳಿಸಬೇಕು, ಯಾರನ್ನು ಕೂರಿಸಬೇಕು, ಯಾರ ಕೈಗೆ ಟಿಕೆಟ್ ಕೊಡಬೇಕು. ಹಾಗೆ ಟಿಕೆಟ್ ಕೊಡಬೇಕಾದಾಗಲೆಲ್ಲ ಮೊದಲು ಪುಸ್ತಕ ತೆಗೆದು ಒಂದೊಂದೇ ಚೌಕ ನೋಡುತ್ತಿದ್ದರಂತೆ. ಒಮ್ಮೆ ಡೆಲ್‌ನನ್ನು ಹುಡುಕಿಕೊಂಡು ಹೋದರು. ಧಾನ್ಯದ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಅದೆಲ್ಲ ಮರೆತೇಹೋಗಿದೆ ಎಂದನಂತೆ. ಆಮೇಲೆ, ಆ ದಿನ ಗುರುವಾರ, ಗಾಳಿ ಎಡಗಡೆಯಿಂದ ಬೀಸುತ್ತಿತ್ತು ಎಂದನಂತೆ.

"ಈಗ ಇದನ್ನ ಯಾಕೆ ಹೇಳ್ತಿದ್ದಾರೆ?" ಎಂದು ಕೇಳಿದೆ.

ಸುಮನ ಅವರನ್ನು ಕೇಳಿದಳು. ಅವರು ಟೊಪ್ಪಿ ತೆಗೆದು ಕಣ್ಣೊರೆಸಿಕೊಂಡರು.

"ಯಾರಿ ಬಗ್ಗೆ ಅಮ್ಮ. ನನ್ನ ಕಣ್ಣಿಗೆ ಅವನು ಚೆನ್ನಾಗಿ ಎಸೆದ ಹಾಗೇ ಕಾಣುತ್ತೆ, ಪುಸ್ತಕ ನೋಡಿದ್ರೆ ಹೊಡೆಸಿಕೊಂಡಿದ್ದಾನೆ. ಪುಸ್ತಕ ಯಾವತ್ತೂ ಸುಳ್ಳು ಹೇಳಿಲ್ಲ, ಬ್ರಿತ್ತಾ ಇದ್ದಾಗಲೂ ಇಲ್ಲ, ಈಗ್ಲೂ ಇಲ್ಲ. ಹಾಗಾಗಿ ನನ್ನ ಕಣ್ಣೇ ಹೋಯ್ತು ಅಂತ ಕಾಣುತ್ತೆ, ಈ ವರ್ಷಕ್ಕೆ ಬಿಡ್ತೀನಿ ಅಂತಿದ್ದಾರೆ."

ನಾನು ಅಲ್ಲಿ ಏನೂ ಹೇಳಲಿಲ್ಲ. ಆ ಹೇಡಿತನವನ್ನೂ ಬರೆದುಬಿಡುತ್ತೇನೆ. ಮಳೆ ನಿಂತಿತು, ಪುಸ್ತಕವನ್ನು ಸೆರಗಿನೊಳಗೆ ಹಿಡಿದು ಮನೆಗೆ ಬಂದೆ.

ಭಾನುವಾರ ಎಲ್ಲರೂ ಕೆರೆಯ ಕಡೆ ಹೋದಾಗ ತಲೆನೋವೆಂದು ಉಳಿದು, ಎಂಟು ಆಟದ ಪುಟಗಳನ್ನು ಮೊದಲಿಂದ ನೋಡಿದೆ. ಹನ್ನೊಂದು ಚುಕ್ಕೆ. ಒಂಬತ್ತು ಕಡೆ ಆ ಓಟಗಾರ ಸುತ್ತು ಮುಗಿಸಿ ಮನೆ ಮುಟ್ಟಿದ್ದ. ಒಂಬತ್ತು ಓಟವನ್ನು ನಾನು ಯಾರಿಯ ತಲೆಗೆ ಕಟ್ಟಿದ್ದೆ, ನಮಗಾಗಿ ಬಸ್ಸು ನಿಲ್ಲಿಸಿಕೊಂಡು ಕಾಯುತ್ತಿದ್ದವನ ತಲೆಗೆ. ಒಬ್ಬರಿಗೂ ನೋವಾಗಬಾರದೆಂದು ಬರೆದದ್ದು. ನೋವಿಗೆ ಹೋಗಲು ಇನ್ನೊಂದು ಜಾಗ ಇದೆಯೆಂದು ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳಲು ಯಾರನ್ನಾದರೂ ಕೇಳಬಹುದಿತ್ತು. ನಾನು ಕೇಳುವವಳಲ್ಲವಲ್ಲ, ಚಿಕ್ಕಂದಿನಿಂದಲೂ.

ಸೋಮವಾರ ಬೆಳಿಗ್ಗೆ ನಿನ್ನ ಜಡೆ ಹಾಕುತ್ತ ಕೇಳಿದೆ. "ನಿಧಿ, ನಾನು ತಪ್ಪು ಬರೆದೆ ಅಂತ ಸ್ವೀಡಿಷಿನಲ್ಲಿ ಹೆಂಗೆ ಹೇಳುದು?"

"ಯಾ ಸ್ಕ್ರೇವ್ ಫೇಲ್. ಯಾಕಜ್ಜಿ? ಏನ್ ಬರ್ದೆ?"

"ಇನ್ನೊಂದ್ಸಲ ಹೇಳು."

"ಯಾ ಸ್ಕ್ರೇವ್ ಫೇಲ್! ನೀನು ಹೇಳು. ಸ್ಕ್ರೂ ಅಲ್ಲ ಅಜ್ಜಿ, ಸ್ಕ್ರೇವ್!"

ದಾಗಿಸಿನವರೆಗೂ ಅದನ್ನೇ ಬಾಯಿಪಾಠ ಮಾಡುತ್ತ ಬಂದೆ. ಸ್ಟೂರೆ ಒಬ್ಬರೇ ಮೈದಾನದಲ್ಲಿ ಒದ್ದೆ ಮಣ್ಣು ಕೆದರುತ್ತಿದ್ದರು. ಪುಸ್ತಕ ಬಿಡಿಸಿ ಹಿಡಿದು ಹೇಳಿದೆ. ಈ ದೇಶದಲ್ಲಿ ನಾನು ಪೂರ್ತಿಯಾಗಿ ಆಡಿದ ಮೊದಲ ವಾಕ್ಯ ಅದು. ಚುಕ್ಕೆಗಳನ್ನು ಒಂದೊಂದಾಗಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಕುಳಿತರು. ಮೂರನೆಯ ಚುಕ್ಕೆಗೆ ತಲೆ ಎತ್ತಿ ನನ್ನನ್ನು ನೋಡಿದರು. ಹನ್ನೊಂದೂ ಮುಗಿದ ಮೇಲೆ ಒಂದೇ ಮಾತು ಕೇಳಿದರು. ಯಾಕೆ ಎಂದಿರಬೇಕು.

ನನ್ನಲ್ಲಿದ್ದ ಸ್ವೀಡಿಷ್ ಅಷ್ಟಕ್ಕೇ ಮುಗಿದಿತ್ತು. ಕನ್ನಡದಲ್ಲೇ ಹೇಳಿದೆ: "ಫೇಲ್ ಅಂತ ಬರಿಯುಕೆ ಕೈ ಬರ್ಲಿಲ್ಲ. ಆ ಮಗು ನೋಡ್ತಾ ಇತ್ತು. ನಂಗೂ ಹಾಂಗೆ ಬರ್ದಿದ್ರು ಒಂದು ಸಲ."

ಅದರಲ್ಲಿ ಅವರಿಗೆ ತಿಳಿದದ್ದು ಒಂದೇ ಶಬ್ದ. ಆಮೇಲೆ ಒಂದು ಬೆರಳಿಂದ ತಮ್ಮ ಕಣ್ಣನ್ನು ತೋರಿಸಿ, ಸಣ್ಣಗೆ ನಕ್ಕು, ತಲೆಯಾಡಿಸಿದರು. ಕಣ್ಣು ಹೋಗಿರಲಿಲ್ಲವಲ್ಲ. ನನಗೆ ಆ ನಗುವನ್ನು ನೋಡಲಾಗಲಿಲ್ಲ.

ತಿದ್ದುವುದನ್ನು ಅವರು ಮಾಡಲಿಲ್ಲ, ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು. ಬರೆದವರೇ ತಿದ್ದಬೇಕು, ಪಕ್ಕದಲ್ಲಿ ಸಹಿ ಹಾಕಬೇಕು. ಹನ್ನೊಂದು ಚೌಕ, ಹನ್ನೊಂದು ಫೇಲ್, ಹನ್ನೊಂದು ಸಲ ಕನ್ನಡದಲ್ಲಿ ನನ್ನ ಹೆಸರು. ಅವರು ಶೆಡ್ಡಿನಿಂದಲೇ ಹಾಲೆಂಡಿಗೆ ಫೋನು ಮಾಡಿದರು. ನಾನು ಬಾಗಿಲಲ್ಲಿ ನಿಂತು ಅವರ ಬೆನ್ನನ್ನೇ ನೋಡುತ್ತಿದ್ದೆ. ಮೊದಲು ನೆಟ್ಟಗಿದ್ದ ಬೆನ್ನು ಮಾತಿನ ನಡುವೆ ಇಳಿಯಿತು. ಭಾಷೆ ಗೊತ್ತಿಲ್ಲದವರಿಗೂ ಅಷ್ಟು ಸಾಕು. ಮೂರು ದಿನದ ಹಿಂದೆಯೇ ಅವರು ಇನ್ನೊಬ್ಬನಿಗೆ ಮಾತು ಕೊಟ್ಟಾಗಿತ್ತು.

ಯಾರಿಯ ಹತ್ತಿರ ತಾನೇ ಹೇಳುತ್ತೇನೆಂದು ಸ್ಟೂರೆ ಸನ್ನೆ ಮಾಡಿದರು. ಮ್ಯಾನೇಜರನ ಕೆಲಸ ಅದು. ನಾನು ಬೇಡವೆಂದು ಕೈಯಾಡಿಸಿ, ಎದೆ ಮುಟ್ಟಿಕೊಂಡೆ.

ಅಂದು ಮಧ್ಯಾಹ್ನ ನಿನ್ನ ಕೈ ಹಿಡಿದು ಬಸ್ಸು ಹತ್ತಿದೆ. ನಮ್ಮ ಮನೆ ಕೊನೆಯ ನಿಲ್ದಾಣ. ಎಲ್ಲರೂ ಇಳಿದರು, ನಾವು ಇಳಿಯಲಿಲ್ಲ. ಯಾರಿ ಕನ್ನಡಿಯಲ್ಲಿ ನೋಡಿದ. ಹತ್ತಿರ ಹೋಗಿ ಬಾಯಿಪಾಠದ ವಾಕ್ಯ ಹೇಳಿದೆ. ಉಳಿದದ್ದನ್ನು ಕನ್ನಡದಲ್ಲಿ ಒಂದೊಂದೇ ಮಾತಾಗಿ ನಿನಗೆ ಹೇಳಿದೆ, ನೀನು ಅವನಿಗೆ ಹೇಳಿದೆ. ಐದು ವರ್ಷದ ಮಗುವಿನ ಬಾಯಲ್ಲಿ ಅಂಥ ಮಾತು ಹೇಳಿಸಿದೆನಲ್ಲ ಎಂದು ಈಗಲೂ ಮನಸ್ಸಿಗೆ ಹಿಂಸೆ. ಹಾಲೆಂಡಿನವರ ವಿಷಯವನ್ನೂ ಹೇಳಿಸಿದೆ. ಅವನು ಇಂಜಿನು ನಿಲ್ಲಿಸಿದ.

"ಎಷ್ಟು ಅಂತ ಕೇಳ್ತಿದಾನೆ ಅಜ್ಜಿ."

"ಹನ್ನೊಂದು."

"ಎಲ್ವಾ" ಎಂದೆ ನೀನು.

ಅವನು ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಎದುರಿನ ಖಾಲಿ ರಸ್ತೆ ನೋಡುತ್ತ ಕುಳಿತ. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಏನೋ ಮೆಲ್ಲಗೆ ಅಂದ.

"ಏನಂದ?"

"ಹಾಗಾದ್ರೆ ನಾನು ಕೆಟ್ಟೋಗಿರ್ಲಿಲ್ಲ, ಅಂದ."

ಆಮೇಲೆ ಬಾಗಿಲು ತೆರೆದ. ನಾವು ಇಳಿದೆವು. ಇಳಿಯುವವರಿಗೆಲ್ಲ ಹೇಳುವ "ಹೇದೋ" ನಮಗೆ ಹೇಳಲಿಲ್ಲ. ಮುಂದಿನ ವರ್ಷ ಹಾಲೆಂಡಿನಿಂದ ಯಾರೂ ಕೇಳಲಿಲ್ಲ. ಅದರ ಮುಂದಿನ ವರ್ಷ ಅವನ ಭುಜ ನೋಯತೊಡಗಿತೆಂದು, ಊರಿಗೆ ಮರಳಿದ್ದ ನನಗೆ ಸುಮನ ಫೋನಿನಲ್ಲಿ ಹೇಳಿದಳು. ಆಟದಿಂದ ಅವನು ಒಂದು ದಿನದ ಊಟವನ್ನೂ ಸಂಪಾದಿಸಲಿಲ್ಲ. ಇದನ್ನು ನಿಮಗೆ ಬೇರೆ ರೀತಿ ಹೇಳಬಹುದಿತ್ತು, ಹೇಳುವುದಿಲ್ಲ.

ಸೆಪ್ಟೆಂಬರಿನಲ್ಲಿ ಕೊನೆಯ ಆಟ. ಬರ್ಚ್ ಮರಗಳು ಹಳದಿಯಾಗಿದ್ದವು, ಕುಳಿತಲ್ಲೇ ಕಾಲು ಮರಗಟ್ಟುವ ಚಳಿ. ನಾನು ಹೋಗುವುದಿಲ್ಲವೆಂದಿದ್ದೆ. ಹರೀಶ ಮಾತ್ರ "ಅಮ್ಮ, ಸ್ಟೂರೆ ಬೇರೆ ಯಾರಿಗೂ ಹೇಳಿಲ್ಲ. ನೀವು ಬರ್ದೆ ಇದ್ರೆ ಯಾರೂ ಬರಿಯಲ್ಲ" ಎಂದು ಕಾರು ಹೊರಗೆ ತೆಗೆದ. ಸ್ಟೂರೆ ಏನೂ ಹೇಳದೆ ಪುಸ್ತಕವನ್ನು ನನ್ನ ಮಡಿಲಲ್ಲಿಟ್ಟು, ಒಂದು ಕಂಬಳಿ ಹೊದಿಸಿ ಹೋದರು. ಅಷ್ಟು ಹೊತ್ತಿಗೆ ವಿಷಯ ಎಲ್ಲರಿಗೂ ಗೊತ್ತಾಗಿತ್ತು. ಎರಡನೆಯ ಸರದಿಯಲ್ಲೇ ಪೇರನ ಕೈಯಿಂದ ಚೆಂಡು ಜಾರಿತು. ಇಡೀ ತಂಡ ತಿರುಗಿ ಬಲೆಯ ಕಡೆ ನೋಡಿತು.

"ಫೇಲ್!" ಎಂದು ಪೇರ್ ತಾನೇ ಕೈ ಎತ್ತಿ ಕೂಗಿದ.

"ಬರಿ ಬರಿ, ದಪ್ಪಕ್ಷರದಲ್ಲಿ ಬರಿ ಅಂತಿದಾನೆ ಅಜ್ಜಿ!" ಎಂದು ನೀನು ಕುಣಿದೆ. ಎಲ್ಲರೂ ನಕ್ಕರು. ಅವನ ಮಗಳು ಬಂದು ಚೌಕ ನೋಡಿ, ಅಪ್ಪನಿಗೆ ನಾಲಿಗೆ ಚಾಚಿ ಹೋಯಿತು. ನಾನು ಬೇಸಿಗೆಯಿಡೀ ಹೆದರಿದ್ದು ಇಷ್ಟಕ್ಕೆ.

ಯಾರಿ ಮಾತ್ರ ನಗಲಿಲ್ಲ, ಈ ಕಡೆ ನೋಡಲೂ ಇಲ್ಲ. ಅಂದು ಅವನು ಎಸೆದ ಹಾಗೆ ಆ ವರ್ಷ ಯಾವತ್ತೂ ಎಸೆದಿರಲಿಲ್ಲ. ಕೊನೆಯ ಸರದಿಗೆ ಬರುವಾಗ ನಾವು ಒಂದು ಓಟ ಮುಂದೆ. ಎದುರಾಳಿಯ ಇಬ್ಬರು ದಿಂಬುಗಳ ಮೇಲಿದ್ದರು. ಹೊಡೆದ ಚೆಂಡು ಮೆಲ್ಲಗೆ ಉರುಳಿ ನೇರ ಯಾರಿಯ ಕೈಗೆ ಬಂತು. ಬೇಕಾದಷ್ಟು ಸಮಯವಿತ್ತು. ಹಿಡಿದ, ತಿರುಗಿದ, ಮೊದಲ ದಿಂಬಿನವನ ತಲೆಯ ಮೇಲೆ ಎರಡಾಳು ಎತ್ತರಕ್ಕೆ ಎಸೆದುಬಿಟ್ಟ. ಚೆಂಡು ಬೇಲಿಯವರೆಗೆ ಹೋಯಿತು. ಇಬ್ಬರೂ ಮನೆ ಮುಟ್ಟಿದರು. ಸೋತೆವು.

ಈ ಸಲ ನನ್ನ ಕಡೆ ನೋಡಿದವನು ಅವನೊಬ್ಬನೇ.

ಇವನಿಗೆ ಬರೆಯುವುದು ಹೇಗೆ ಎನಿಸಿತು. ಇವನಿಂದ ಅಷ್ಟು ಕಿತ್ತುಕೊಂಡ ಮೇಲೂ? ಒಂದೇ ಒಂದನ್ನು ಬಿಟ್ಟರೆ? ಪೆನ್ಸಿಲ್ ಹಿಡಿದ ಬೆರಳು ಚಳಿಗೆ ಮಡಚುತ್ತಿರಲಿಲ್ಲ. ಎಸೆಯುವವನ ಅಂಕೆ, ಒಂದು, ಬರೆದೆ, ಅದರ ಮುಂದೆ ಫೇಲ್ ಎಂದು ಬರೆದೆ. ಚುಕ್ಕೆ ಇಡಲಿಲ್ಲ.

ಎಲ್ಲರೂ ದಿಂಬು, ದೊಣ್ಣೆ ಎತ್ತಿಡುತ್ತಿದ್ದಾಗ ಅವನು ಚೀಲ ಹೆಗಲಿಗೇರಿಸಿ ಮೇಜಿನ ಬಳಿ ಬಂದ. ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಬೆರಳು ಸಾಲಿನ ಮೇಲೆ ಹೋಗಿ ಕೊನೆಯ ಚೌಕದ ಮೇಲೆ ನಿಂತಿತು.

"ರೆತ್" ಎಂದ.

"ಸರಿಯಾಗಿದೆ ಅಂದ ಅಜ್ಜಿ" ಎಂದೆ ನೀನು.

ಅವನು ಪುಸ್ತಕವನ್ನು ಮತ್ತೆ ನನ್ನ ಕಡೆಗೆ ತಿರುಗಿಸಿ ಇಟ್ಟು, ಸಂಜೆಯ ಪಾಳಿಗೆ ಹೊತ್ತಾಯಿತೆಂದು ಸ್ಟೂರೆಗೆ ಕೈಗಡಿಯಾರ ತೋರಿಸಿ, ಬಸ್ ಡಿಪೋದ ದಾರಿ ಹಿಡಿದ.